ಒಂದು ಸಾಲ, ಹದಿಮೂರು ಸಾಲಗಾರರು: ಮುಂಬಯಿಯ ಟಿವಿ ಉದ್ಯಮ ಮತ್ತು ಸಮೂಹ ವ್ಯವಹಾರದ ಪ್ರಶ್ನೆ

ಭಾರತದಂಥ ದೇಶಗಳಲ್ಲಿ ಒಂದೇ ಉದ್ಯಮಕ್ಕೆ ಅಂಟಿಕೊಂಡ ಕಂಪನಿಗಿಂತ ಹತ್ತಾರು ಉದ್ಯಮಗಳಲ್ಲಿ ಕೈಯಿಟ್ಟ ಸಮೂಹಕ್ಕೇ ಅನುಕೂಲ ಹೆಚ್ಚು ಎಂಬ ವಾದವನ್ನು ತರುಣ್ ಖನ್ನಾ ಮತ್ತು ಕೃಷ್ಣ ಪಾಲೆಪು 1997ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಮಂಡಿಸಿದರು. ನಿಮ್ಮ ಮೂಲ ಕಸುಬು ಯಾವುದೋ ಅದನ್ನು ಬಿಟ್ಟು ಕದಲಬೇಡಿ ಎಂದು ಪಾಶ್ಚಾತ್ಯ ಸಲಹೆಗಾರರು ಊರೂರಲ್ಲಿ ಸಾರುತ್ತಿದ್ದ ಕಾಲವದು. ಏಳು ವರ್ಷ ಮೊದಲು ಸಿ.ಕೆ. ಪ್ರಹ್ಲಾದ್ ಮತ್ತು ಗ್ಯಾರಿ ಹ್ಯಾಮೆಲ್ ಜಪಾನಿನ ಎನ್‌ಇಸಿ ಕಂಪನಿಯನ್ನು ಮುಂದಿಟ್ಟುಕೊಂಡು ‘ತಿರುಳು ಸಾಮರ್ಥ್ಯ’ದ ಸಿದ್ಧಾಂತ ಕಟ್ಟಿದ್ದರು. ಖನ್ನಾ–ಪಾಲೆಪು ಅವರ ಉತ್ತರ ಸರಳವಾಗಿತ್ತು: ಬಂಡವಾಳ ಮಾರುಕಟ್ಟೆ, ನುರಿತ ಕೆಲಸಗಾರರ ಪೂರೈಕೆ, ಕರಾರನ್ನು ಜಾರಿಗೊಳಿಸುವ ನ್ಯಾಯಾಲಯ ಇವೆಲ್ಲ ದುರ್ಬಲವಾಗಿರುವಲ್ಲಿ ಆ ಕೊರತೆಯನ್ನು ಸಮೂಹವೇ ತನ್ನೊಳಗೆ ತುಂಬಿಕೊಳ್ಳುತ್ತದೆ. ಲಾಭದ ಕಂಪನಿಯ ಹಣ ಹೊಸ ಕಂಪನಿಗೆ ಹರಿಯುತ್ತದೆ, ಒಂದು ಬ್ರ್ಯಾಂಡಿನ ನಂಬಿಕೆ ಇನ್ನೊಂದಕ್ಕೆ ನೆರವಾಗುತ್ತದೆ.

2000ದಲ್ಲಿ ಜರ್ನಲ್ ಆಫ್ ಫೈನಾನ್ಸ್‌ನಲ್ಲಿ ಬಂದ ಅವರ ಪ್ರಬಂಧ ಇದಕ್ಕೊಂದು ತಿದ್ದುಪಡಿ ಸೇರಿಸಿತು. ಭಾರತೀಯ ಕಂಪನಿಗಳ 1993ರ ಅಂಕಿಅಂಶಗಳ ಪ್ರಕಾರ ವೈವಿಧ್ಯ ಹೆಚ್ಚಿದಂತೆ ಸಾಧನೆ ಮೊದಲು ಇಳಿಯುತ್ತದೆ. ಒಂದು ಮಟ್ಟ ದಾಟಿದ ಮೇಲೆ ಏರುತ್ತದೆ. ಟಾಟಾದಂಥ ಬಹು ದೊಡ್ಡ ಸಮೂಹಗಳಿಗೆ ಲಾಭ, ನಡುಗಾತ್ರದವುಗಳಿಗೆ ನಷ್ಟ ಎಂದರ್ಥ. ಸಮೂಹಗಳನ್ನು ಕುರಿತ ಮುಂದಿನ ಚರ್ಚೆಯೆಲ್ಲ ಬಹುಪಾಲು ಈ ಚೌಕಟ್ಟಿನಲ್ಲೇ ನಡೆದಿದೆ. ಸಾಂಸ್ಥಿಕ ಕೊರತೆ ಇತ್ತು ಎಂಬುದರಲ್ಲಿ ನನಗೂ ತಕರಾರಿಲ್ಲ. ತಕರಾರಿರುವುದು ಸಮೂಹದ ‘ಒಳಗಿನ ಬಂಡವಾಳ ಮಾರುಕಟ್ಟೆ’ ಎಂಬ ಕಲ್ಪನೆಯ ಬಗ್ಗೆ. ಅದನ್ನು ಪರೀಕ್ಷಿಸಲು ಮುಂಬಯಿಯ ಕಲರ್ ಟಿವಿ ವ್ಯಾಪಾರಕ್ಕಿಂತ ಒಳ್ಳೆಯ ಕಣ ಸಿಗುವುದು ಕಷ್ಟ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿ ಮುಂದೆ ಹೋಗಬಹುದು. ಮುಂಬಯಿ ದೂರದರ್ಶನ ಶುರುವಾದದ್ದು 1972ರ ಅಕ್ಟೋಬರ್ 2ರಂದು. ದೇಶಕ್ಕೆ ಬಣ್ಣದ ಪ್ರಸಾರ ಬಂದದ್ದು 1982ರಲ್ಲಿ, ಏಷ್ಯನ್ ಕ್ರೀಡಾಕೂಟದ ವರ್ಷ. ಅದಕ್ಕೆ ಒಂದು ವರ್ಷ ಮೊದಲು ಗುಲು ಮೀರಚಂದಾನಿ ಮತ್ತು ವಿಜಯ್ ಮನ್ಸುಖಾನಿ ಮಿರ್ಕ್ ಎಲೆಕ್ಟ್ರಾನಿಕ್ಸ್ ಸ್ಥಾಪಿಸಿದ್ದರು. ಅಂಧೇರಿ ಪೂರ್ವದ ಎಂಐಡಿಸಿಯಲ್ಲಿ ಅದರ ಕಚೇರಿ, ಒನಿಡಾ ಅದರ ಬ್ರ್ಯಾಂಡು. ಬೆಂಗಳೂರಿನ ಬಿಪಿಎಲ್ ಮತ್ತು ಔರಂಗಾಬಾದ್ ಕಡೆಯ ವಿಡಿಯೋಕಾನ್ ಇದರ ಇಬ್ಬರು ದೊಡ್ಡ ಎದುರಾಳಿಗಳು. ಮೂವರಿಗೂ ತಂತ್ರಜ್ಞಾನ ಜಪಾನಿನದು: ಒನಿಡಾಗೆ ಜೆವಿಸಿ, ಬಿಪಿಎಲ್‌ಗೆ ಸ್ಯಾನ್ಯೊ, ವಿಡಿಯೋಕಾನ್‌ಗೆ ತೋಷಿಬಾ. ಕೊಂಬು, ಬಾಲ ಹೊತ್ತ ಒನಿಡಾ ಜಾಹೀರಾತಿನ ಭೂತ ನೆರೆಮನೆಯವರ ಹೊಟ್ಟೆಕಿಚ್ಚನ್ನೇ ಮಾರಾಟದ ಸರಕು ಮಾಡಿತು. 1995ರಲ್ಲಿ ಸ್ಯಾಮ್ಸಂಗ್, 1997ರಲ್ಲಿ ಎಲ್‌ಜಿ ಬಂದವು. ಅದೇ ದಶಕದ ಕೊನೆಗೆ ಮುಂಬಯಿಯ ಬ್ಯಾರನ್ ಇಂಟರ್‌ನ್ಯಾಷನಲ್ ‘ಹಳೆ ಟಿವಿ ಕೊಡಿ, ಅಕಾಯ್ ಒಯ್ಯಿರಿ’ ಎಂಬ ಎಕ್ಸ್‌ಚೇಂಜ್ ಸ್ಕೀಮಿನಿಂದ ಬೆಲೆಗಳನ್ನು ನೆಲಕ್ಕಿಳಿಸಿತು.

ಈಗ ಒನಿಡಾ, ಬಿಪಿಎಲ್, ವಿಡಿಯೋಕಾನ್ ಈ ಮೂರರ ಹಾದಿ ನೋಡೋಣ. ಒನಿಡಾ ಹೆಚ್ಚುಕಡಿಮೆ ಮನೆಬಳಕೆಯ ಉಪಕರಣಗಳ ಎಲ್ಲೆಯೊಳಗೇ ಉಳಿಯಿತು. ಬಿಪಿಎಲ್ ಸಮೂಹ ಮೊಬೈಲ್ ಸೇವೆಗಿಳಿಯಿತು. 1995ರಲ್ಲಿ ಮುಂಬಯಿಗೆ ಮೊಬೈಲ್ ತಂದ ಮೊದಲ ಎರಡು ಕಂಪನಿಗಳಲ್ಲಿ ಬಿಪಿಎಲ್ ಮೊಬೈಲ್ ಒಂದು. ವಿಡಿಯೋಕಾನ್ ಎಲ್ಲರಿಗಿಂತ ದೂರ ಹೋಯಿತು: ರವ್ವ ತೈಲ ನಿಕ್ಷೇಪದಲ್ಲಿ ಶೇ. 25 ಪಾಲು, ಪಿಕ್ಚರ್ ಟ್ಯೂಬಿನ ಗಾಜು, ಡಿಟಿಎಚ್, 2008ರಲ್ಲಿ ಟೆಲಿಕಾಂ ಲೈಸೆನ್ಸು. ಖನ್ನಾ–ಪಾಲೆಪು ಅವರ ಮೊದಲ ಲೇಖನವನ್ನು ಹಾಗೇ ಅನ್ವಯಿಸಿದರೆ ವಿಡಿಯೋಕಾನ್ ಗೆಲ್ಲಬೇಕಿತ್ತು. 2018ರ ಜೂನ್‌ನಲ್ಲಿ ಅದು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಮುಂಬಯಿ ಪೀಠದಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು.

ಖನ್ನಾ–ಪಾಲೆಪು ಅವರ ಸಮರ್ಥಕರು ಇಲ್ಲಿ 2000ದ ಪ್ರಬಂಧವನ್ನು ಮುಂದೆ ಮಾಡುತ್ತಾರೆ. ವಿಡಿಯೋಕಾನ್ ನಡುಗಾತ್ರದ ಸಮೂಹ, ಇಳಿಜಾರಿನಲ್ಲಿ ಸಿಕ್ಕಿಬಿದ್ದಿತ್ತು, ಹಾಗಾಗಿ ಬಿದ್ದಿತು ಎಂದು. ನನಗೆ ಈ ಉತ್ತರ ಸಾಲದು. ಎಷ್ಟು ಉದ್ಯಮಗಳಿದ್ದವು ಎಂಬುದನ್ನು ಅದು ಎಣಿಸುತ್ತದೆ; ಅವುಗಳ ನಡುವೆ ಹಣದ ಹೊಣೆ ಹೇಗೆ ಹೆಣೆದುಕೊಂಡಿತ್ತು ಎಂದು ಕೇಳುವುದಿಲ್ಲ. 1993ರ ಲಾಭ-ನಷ್ಟದ ಪಟ್ಟಿಯಲ್ಲಿ ಆ ಹೆಣಿಗೆ ಕಾಣಿಸುವುದೂ ಇಲ್ಲ.

ಅದು ಕಾಣಿಸುವುದು ಬೇರೊಂದು ದಾಖಲೆಯಲ್ಲಿ. 2019ರ ಆಗಸ್ಟ್ 8ರಂದು ಮುಂಬಯಿ ಪೀಠ ಒಂದು ಆದೇಶ ಹೊರಡಿಸಿ, ವಿಡಿಯೋಕಾನ್ ಸಮೂಹದ 15 ಕಂಪನಿಗಳಲ್ಲಿ 13ರ ದಿವಾಳಿ ಪ್ರಕ್ರಿಯೆಯನ್ನು ಒಂದಾಗಿಸಿತು. ಕೇಲ್ ಮತ್ತು ಟ್ರೆಂಡ್ ಎಲೆಕ್ಟ್ರಾನಿಕ್ಸ್ ಎರಡನ್ನು ಮಾತ್ರ ಹೊರಗಿಟ್ಟಿತು. ವಕೀಲರ ವಲಯದಲ್ಲಿ ಈ ಆದೇಶದ ಚರ್ಚೆ ಸಾಕಷ್ಟಾಗಿದೆ. ನಿರ್ವಹಣಾಶಾಸ್ತ್ರದವರು ಇದನ್ನು ತಮ್ಮ ಆಕರವೆಂದು ಎಣಿಸಿದಂತಿಲ್ಲ. ಕಂಪನಿಗಳನ್ನು ಒಂದಾಗಿಸಬೇಕೇ ಎಂದು ತೀರ್ಮಾನಿಸಲು ಪೀಠ ಹಾಕಿಕೊಂಡ ಒರೆಗಲ್ಲುಗಳನ್ನು ನೋಡಿ: ಒಬ್ಬರದೇ ಹಿಡಿತ, ಅವರೇ ನಿರ್ದೇಶಕರು, ಸಾಮಾನ್ಯ ಆಸ್ತಿ, ಸಾಮಾನ್ಯ ಹೊಣೆ, ಒಂದರೊಳಗೊಂದು ಸಿಕ್ಕಿಕೊಂಡ ಲೆಕ್ಕ, ಸುತ್ತಿ ಬರುವ ಸಾಲ, ಒಂದೇ ಗುಂಪಿನ ಸಾಲದಾತರು. ಖನ್ನಾ–ಪಾಲೆಪು ಹೊರಗಿನಿಂದ ನೋಡಿ ಮೆಚ್ಚಿದ ಒಳಗಿನ ಬಂಡವಾಳ ಮಾರುಕಟ್ಟೆ ಒಳಗಿನಿಂದ ಹೀಗೆ ಕಾಣುತ್ತದೆ.

ಈ ಹೆಣಿಗೆಯ ಗಂಟು 2012ರ ಸಾಲದ ಒಪ್ಪಂದದಲ್ಲಿದೆ. ವಿಡಿಯೋಕಾನ್ ಇಂಡಸ್ಟ್ರೀಸ್ ಮತ್ತು ಅದರ 12 ಸಹ ಕಂಪನಿಗಳು ಬ್ಯಾಂಕುಗಳ ಒಕ್ಕೂಟದೊಡನೆ ಸಹಿ ಮಾಡಿದ ಆ ಒಪ್ಪಂದದಲ್ಲಿ ಎಲ್ಲರ ರೂಪಾಯಿ ಸಾಲಗಳನ್ನೂ ಒಂದೇ ರಾಶಿಗೆ ಹಾಕಲಾಯಿತು. ಪ್ರತಿಯೊಂದು ಕಂಪನಿಯೂ ತನ್ನ ಸಾಲಕ್ಕೆ ಸಾಲಗಾರ, ಉಳಿದ ಹನ್ನೆರಡರ ಸಾಲಕ್ಕೆ ಸಹ-ಸಾಲಗಾರ. ಊರಿನ ಸೊಸೈಟಿಯಲ್ಲಿ ಒಬ್ಬರ ಸಾಲಕ್ಕೆ ಮತ್ತೊಬ್ಬರು ಜಾಮೀನು ಹಾಕುತ್ತ, ಕೊನೆಗೆ ಇಡೀ ಕೇರಿಯೇ ಒಂದು ನೋಟಿಸಿಗೆ ಸಿಕ್ಕುವಂತೆ. ಆ ವರ್ಷದ ಫೆಬ್ರುವರಿ 2ರಂದು ಸುಪ್ರೀಂ ಕೋರ್ಟು 122 ಟೆಲಿಕಾಂ ಲೈಸೆನ್ಸುಗಳನ್ನು ರದ್ದುಪಡಿಸಿತ್ತು; ಅವುಗಳಲ್ಲಿ ವಿಡಿಯೋಕಾನ್‌ನವೂ ಇದ್ದವು. ಸಾಲ ರಾಶಿ ಸೇರಿದ ಮೇಲೆ ಒಂದು ಉದ್ಯಮದ ಪೆಟ್ಟು ಅಲ್ಲಿಗೇ ನಿಲ್ಲುವ ಹಾಗಿರಲಿಲ್ಲ. ಟಿವಿ, ಫ್ರಿಜ್ಜು ಮಾಡುವ ಶೆಡ್ಡುಗಳಿಗೂ ಅದು ದಾಟುವ ದಾರಿ ತೆರೆದಿತ್ತು.

ಹಾಗಾಗಿ ನನ್ನ ವಾದವಿದು: ಈ ಪ್ರಕರಣದ ಮಟ್ಟಿಗಾದರೂ ಸಮೂಹವನ್ನು ಮುಳುಗಿಸಿದ್ದು ಉದ್ಯಮಗಳ ಸಂಖ್ಯೆಗಿಂತ ಹೆಚ್ಚಾಗಿ ಅವುಗಳ ಪರಸ್ಪರ ಜಾಮೀನು. ‘ಈ ಪ್ರಕರಣದ ಮಟ್ಟಿಗಾದರೂ’ ಎಂದದ್ದಕ್ಕೆ ಕಾರಣಗಳಿವೆ. ದಿವಾಳಿ ಆದೇಶವೆಂಬುದು ಸತ್ತ ಮೇಲಿನ ಪಂಚನಾಮೆ. ಸಾಲವನ್ನಷ್ಟೇ ಹುಡುಕುವವರಿಗೆ ಸಾಲವೇ ಕಾಣುತ್ತದೆ. ಎರಡನೆಯದಾಗಿ, ಜಾಮೀನಿನ ಹೆಣಿಗೆಯನ್ನು ಬಯಸಿದ್ದು ಸಮೂಹವೋ ಬ್ಯಾಂಕುಗಳೋ ಎಂಬುದನ್ನು ಆದೇಶದಿಂದ ಖಚಿತವಾಗಿ ಹೇಳಲಾಗದು. ನನ್ನ ಊಹೆ ಬ್ಯಾಂಕುಗಳ ಕಡೆಗಿದೆ. ಒಂದೊಂದು ಯೋಜನೆಯನ್ನೂ ತೂಗಿ ನೋಡುವ ಸಾಮರ್ಥ್ಯವಿಲ್ಲದ ಕಡೆ ಎಲ್ಲರ ಸಹಿ ಹಾಕಿಸಿಕೊಳ್ಳುವುದು ಸಲೀಸು. ಹಾಗಿದ್ದರೆ ಸಾಂಸ್ಥಿಕ ಕೊರತೆಯ ಸಿದ್ಧಾಂತ ಒಂದು ಅರ್ಥದಲ್ಲಿ ಉಳಿಯುತ್ತದೆ, ಆದರೆ ಅದರ ಫಲಾನುಭವಿ ಬದಲಾಗುತ್ತಾನೆ. ಸಮೂಹ ಇಲ್ಲಿ ಕಂಪನಿಗಳಿಗಲ್ಲ, ಬ್ಯಾಂಕುಗಳಿಗೆ ವಿಮೆಯಾಗಿತ್ತು. ಆ ವಿಮೆಯೂ ಕೈಕೊಟ್ಟಿತು. ಸಾಲದಾತರಿಗೆ ಬರಬೇಕೆಂದು ದಿವಾಳಿ ಪ್ರಕ್ರಿಯೆಯಲ್ಲಿ ಒಪ್ಪಿಕೊಂಡ ಮೊತ್ತ ಸುಮಾರು 64,800 ಕೋಟಿ ರೂ. ಇದ್ದಲ್ಲಿ 2021ರ ಜೂನ್‌ನಲ್ಲಿ ಮಂಜೂರಾದ ಪರಿಹಾರ ಯೋಜನೆ 2,962 ಕೋಟಿಯದು. ಸಣ್ಣ ಪೂರೈಕೆದಾರರ ಪಾಲು ಇನ್ನೂ ಕಡಿಮೆ. ಇದು ಹೇರ್‌ಕಟ್ಟೋ ಪೂರ್ತಿ ಮುಂಡನವೋ ಎಂದು ನ್ಯಾಯಮಂಡಳಿಯೇ ಕುಟುಕಿತು. 2022ರ ಜನವರಿಯಲ್ಲಿ ಮೇಲ್ಮನವಿ ಮಂಡಳಿ ಆ ಮಂಜೂರಾತಿಯನ್ನೂ ರದ್ದುಮಾಡಿತು.

ಗಟ್ಟಿ ಆಕ್ಷೇಪವೊಂದು ಉಳಿದಿದೆ. ಎಲ್‌ಜಿ, ಸ್ಯಾಮ್ಸಂಗ್ ಕೂಡ ಸಮೂಹಗಳೇ ಅಲ್ಲವೇ? ವಿಜಯ್ ಸೇಲ್ಸ್‌ನಂಥ ಮುಂಬಯಿ ಅಂಗಡಿಗಳ ಎದುರು ಗೋಡೆಯನ್ನು ಕೊನೆಗೆ ಹಿಡಿದುಕೊಂಡವರು ಅವರೇ ಅಲ್ಲವೇ? ನಿಜ. ಆದರೆ ಖನ್ನಾ–ಪಾಲೆಪು ಲೇಖನ ಅಚ್ಚಾದ ಮರುವರ್ಷವೇ, ಏಷ್ಯಾದ ಹಣಕಾಸು ಬಿಕ್ಕಟ್ಟಿನ ಬಳಿಕ, ಕೊರಿಯಾ ಸರ್ಕಾರ ದೊಡ್ಡ ಸಮೂಹಗಳ ಕಂಪನಿಗಳು ಪರಸ್ಪರರ ಸಾಲಕ್ಕೆ ಹೊಸದಾಗಿ ಜಾಮೀನು ನಿಲ್ಲುವುದನ್ನು ನಿಷೇಧಿಸಿತು. ಹಳೆಯ ಜಾಮೀನುಗಳನ್ನು 2000ದ ಮಾರ್ಚ್ ಒಳಗೆ ತೀರಿಸಬೇಕೆಂದು ಗಡುವು ಹಾಕಿತು. 1999ರಲ್ಲಿ ಅಲ್ಲಿನ ದೇವೂ ಸಮೂಹ ಕುಸಿಯಿತು. ಅದರ ಎಲೆಕ್ಟ್ರಾನಿಕ್ಸ್ ಕಂಪನಿಯನ್ನು 2006ರಲ್ಲಿ ಕೊಳ್ಳಲು ಹೊರಟು ವಿಫಲವಾದದ್ದು ಇದೇ ವಿಡಿಯೋಕಾನ್. ಮುಂಬಯಿ ಪೇಟೆಯನ್ನು ಗೆದ್ದ ಕೊರಿಯಾದವರು ಸಮೂಹವಾಗಿ ಉಳಿದರೂ ಜಾಮೀನಿನ ಸರಪಳಿ ಕಳಚಿಕೊಂಡವರು. ಗೆಲುವಿಗೆ ಇದೊಂದೇ ಕಾರಣವೆಂದು ನಾನು ಹೇಳುತ್ತಿಲ್ಲ. ಪ್ಯಾನಲ್ ತಂತ್ರಜ್ಞಾನದ ಪಾತ್ರ ಬಲು ದೊಡ್ಡದು: 2004ರಲ್ಲಿ ಸ್ಯಾಮ್ಸಂಗ್ ಸೋನಿಯೊಡನೆ ಎಲ್‌ಸಿಡಿ ಪ್ಯಾನಲ್ ಕಾರ್ಖಾನೆಗೆ ಕೈಜೋಡಿಸಿತು, ಮರುವರ್ಷ ವಿಡಿಯೋಕಾನ್ ಫ್ರಾನ್ಸಿನ ಥಾಮ್ಸನ್‌ನ ಪಿಕ್ಚರ್ ಟ್ಯೂಬ್ ವ್ಯವಹಾರ ಕೊಂಡಿತು. ಎರಡೂ ಕಡೆ ಸಮೂಹದ ಬಲವಿತ್ತು, ದಿಕ್ಕು ಮಾತ್ರ ಬೇರೆ.

ಒನಿಡಾದ ಕಥೆಯನ್ನು ‘ಒಂದೇ ಕಸುಬಿಗೆ ಅಂಟಿಕೊಂಡವನ ಜಯ’ ಎಂದು ಓದುವುದಕ್ಕೂ ನನ್ನ ಸಮ್ಮತಿಯಿಲ್ಲ. ಅದು ಉಳಿಯಿತು, ಆದರೆ ಕುಗ್ಗಿ ಉಳಿಯಿತು. 2004ರ ಸೆಪ್ಟೆಂಬರ್‌ನಿಂದ ಥಾಯ್ಲೆಂಡ್ ಜೊತೆಗಿನ 82 ಸರಕುಗಳ ಸುಂಕ ಕಡಿತದ ಪಟ್ಟಿಯಲ್ಲಿ ಕಲರ್ ಟಿವಿ, ಪಿಕ್ಚರ್ ಟ್ಯೂಬ್ ಎರಡೂ ಸೇರಿದವು. ಇಂಥ ಬದಲಾವಣೆಯ ಎದುರು ವಾಡಾದಲ್ಲಿದ್ದ ಒನಿಡಾದ ಜೋಡಣೆ ಕಾರ್ಖಾನೆ ತನ್ನ ನಿಷ್ಠೆಯೊಂದನ್ನೇ ಹಿಡಿದು ಏನು ಮಾಡಲು ಸಾಧ್ಯ? ಒನಿಡಾ ಬಗ್ಗೆ ಇಷ್ಟು ಹೇಳಬಹುದು: ಅದರ ನಷ್ಟ ಅದರದೇ ಆಗಿತ್ತು, ಹನ್ನೆರಡು ಕಂಪನಿಗಳನ್ನು ತನ್ನ ಜೊತೆ ಎಳೆದುಕೊಂಡು ಹೋಗಲಿಲ್ಲ.

ಬಿಪಿಎಲ್ ಪ್ರಕರಣವನ್ನು ನಾನು ಬೇಕೆಂದೇ ತೀರ್ಪಿಲ್ಲದೆ ಬಿಟ್ಟಿದ್ದೇನೆ. ಮೊಬೈಲಿನ ಭಾರ ಟಿವಿ ಕಂಪನಿಯ ಮೇಲೆ ಬಿತ್ತೆಂಬ ಮಾತು ಬೆಂಗಳೂರಿನಲ್ಲೂ ಮುಂಬಯಿಯಲ್ಲೂ ಕೇಳಿಬರುತ್ತದೆ, ಆದರೆ ಮಾತು ಪುರಾವೆಯಲ್ಲ. ಪುರಾವೆ ಸಿಗಬಹುದಾದ ಜಾಗ ವಾರ್ಷಿಕ ವರದಿಗಳ ಕೊನೆಯ ಪುಟಗಳು. ಸಂಭಾವ್ಯ ಹೊಣೆಗಾರಿಕೆ ಎಂಬ ತಲೆಬರಹದಡಿ, ಸಣ್ಣ ಅಕ್ಷರದಲ್ಲಿ, ಇತರ ಕಂಪನಿಗಳ ಪರವಾಗಿ ಕೊಟ್ಟ ಗ್ಯಾರಂಟಿಯ ಮೊತ್ತ ಅಲ್ಲಿರುತ್ತದೆ. ಬಿಪಿಎಲ್, ಮಿರ್ಕ್ ಮತ್ತು ವಿಡಿಯೋಕಾನ್‌ಗಳ 1995ರಿಂದ 2012ರವರೆಗಿನ ಆ ಒಂದು ಸಾಲನ್ನು ವರ್ಷವಾರು ಪಟ್ಟಿಮಾಡಿದರೆ ಇಲ್ಲಿನ ವಾದ ನಿಲ್ಲುತ್ತದೋ ಬೀಳುತ್ತದೋ ಗೊತ್ತಾಗುತ್ತದೆ. ವಾಣಿಜ್ಯ ವಿಭಾಗದ ಸಂಶೋಧನಾ ವಿದ್ಯಾರ್ಥಿಗಳು ಯಾರಾದರೂ ಇದನ್ನು ಕೈಗೆತ್ತಿಕೊಳ್ಳಬೇಕು.