ಸಿಂಹದ ದನಿಯ ಮೂಲ: ವ್ಯಾನ್ ಮಾರಿಸನ್ ಗಾಯನದಲ್ಲಿ ಸೋಲ್–ಕೆಲ್ಟಿಕ್ ಬೆಸುಗೆಯ ಕಾಲನಿರ್ಣಯ

ಬೆಲ್‌ಫಾಸ್ಟಿನ ಗಾಯಕ ವ್ಯಾನ್ ಮಾರಿಸನ್ ಸೋಲ್ ಗಾಯನಕ್ಕೆ ಕೆಲ್ಟಿಕ್ ಸಂಗೀತವನ್ನು ಬೆಸೆದದ್ದು 1988ರಲ್ಲಿ, ಐರಿಷ್ ಸಾಂಪ್ರದಾಯಿಕ ಸಂಗೀತದ 'ದಿ ಚೀಫ್ಟನ್ಸ್' ತಂಡದ ಜೊತೆ 'ಐರಿಷ್ ಹಾರ್ಟ್‌ಬೀಟ್' ಹೊರತಂದಾಗ ಎಂಬ ಮಾತು ಮರುಪರಿಶೀಲನೆ ಇಲ್ಲದೆ ಲೇಖನದಿಂದ ಲೇಖನಕ್ಕೆ ದಾಟಿಬಂದಿದೆ. ಆಲ್ಬಮ್ಮಿನ ಹಾಡುಪಟ್ಟಿಯೇ ಇದನ್ನು ಅಲ್ಲಗಳೆಯುತ್ತದೆ. ಅಲ್ಲಿನ ಹತ್ತು ಹಾಡುಗಳಲ್ಲಿ ಎರಡು ಮಾರಿಸನ್ನರವೇ ಹಳೆಯ ರಚನೆಗಳು: 'ಕೆಲ್ಟಿಕ್ ರೇ' 1982ರದು, ಶೀರ್ಷಿಕೆಯ ಹಾಡು 1983ರದು.

1988ರ ವಾದವನ್ನು ಒಪ್ಪದವರು ನೇರವಾಗಿ 1968ರ 'ಆಸ್ಟ್ರಲ್ ವೀಕ್ಸ್'ಗೆ ಹೋಗಿ, ಅದರ ಕೊಳಲಿನಲ್ಲಿ ಐರ್ಲೆಂಡನ್ನು ಕೇಳುತ್ತಾರೆ. ಆ ಧ್ವನಿಮುದ್ರಣ ನಡೆದದ್ದು ನ್ಯೂಯಾರ್ಕಿನಲ್ಲಿ. ಬಾಸ್ ನುಡಿಸಿದವರು ಜಾಝ್ ಕಲಾವಿದ ರಿಚರ್ಡ್ ಡೇವಿಸ್, ಡ್ರಮ್ಸ್ ಮಾಡರ್ನ್ ಜಾಝ್ ಕ್ವಾರ್ಟೆಟ್‌ನ ಕಾನಿ ಕೇ. ಬೆಲ್‌ಫಾಸ್ಟಿನ ಸೈಪ್ರಸ್ ಅವೆನ್ಯೂ ಸಾಹಿತ್ಯದಲ್ಲಿದೆ, ನಿಜ. ಬೀದಿಯ ಹೆಸರಿನಿಂದ ಸಂಗೀತದ ಕುಲ ನಿರ್ಧಾರವಾಗುವುದಿಲ್ಲ.

ಎರಡೂ ಪಕ್ಷಗಳು ಬದಿಗೆ ಸರಿಸಿದ ಆಧಾರ 1972ರ 'ಸೇಂಟ್ ಡೊಮಿನಿಕ್ಸ್ ಪ್ರಿವ್ಯೂ' ಆಲ್ಬಮ್ಮಿನ 'ಲಿಸನ್ ಟು ದ ಲಯನ್'. ಸುಮಾರು 11 ನಿಮಿಷದ ಈ ಹಾಡಿನಲ್ಲಿ ಪೈಪ್ಸ್ ಇಲ್ಲ, ಹಾರ್ಪ್ ಇಲ್ಲ. ನಿಧಾನಗತಿಯ ಸೋಲ್ ಹಾಡಾಗಿ ಶುರುವಾಗುತ್ತದೆ. ಹಿಮ್ಮೇಳದ ಗಂಡುದನಿಗಳು ಶೀರ್ಷಿಕೆಯ ಸಾಲನ್ನು ಹಿಡಿದು ನಿಂತ ಮೇಲೆ ಮಾರಿಸನ್ ಮಾತನ್ನೇ ಕೈಬಿಡುತ್ತಾರೆ. ನರಳಿಕೆ, ಗೊಗ್ಗರು ಗುರುಗುಡುವಿಕೆ, ಕೊನೆಗೆ ಗರ್ಜನೆ. ಇದನ್ನು ಪ್ರಾಚೀನ ಕೆಲ್ಟಿಕ್ ಮಂತ್ರೋಚ್ಚಾರವೆಂದು ಕರೆಯುವುದು ಉತ್ಸಾಹದ ಮಾತು, ಪುರಾವೆಯಲ್ಲ. ಹಿಮ್ಮೇಳ ಹಿಡಿದ ಸಾಲಿನ ಮೇಲೆ ಮುಖ್ಯ ಗಾಯಕ ಮಾತು ಮೀರಿ ಏರುವ ಈ ಕ್ರಮ ಕಪ್ಪು ಅಮೆರಿಕದ ಚರ್ಚುಗಳಿಂದ ಸೋಲ್‌ಗೆ ಬಂದದ್ದು. ಆದರೆ ಮಾತು ಮರಳಿದಾಗ ಹಾಡು ಡೆನ್ಮಾರ್ಕಿನಿಂದ ಕ್ಯಾಲಿಡೋನಿಯಾದ (ಸ್ಕಾಟ್ಲೆಂಡಿನ ಹಳೆಯ ಹೆಸರು) ಕಡೆಗೆ ಹಡಗೇರಿರುತ್ತದೆ. ಆ ಯಾನದ ವಾಕ್ಯವೂ ಗರ್ಜನೆಯ ಹಾಗೆಯೇ ಮರುಕಳಿಸುತ್ತ, ಒತ್ತು ಬದಲಿಸುತ್ತ ಸಾಗುತ್ತದೆ. ಉತ್ತರ ಸಮುದ್ರದ ನೆನಪು ಸೋಲ್ ಗಾಯನದ ವಿಧಾನದೊಳಗೆ ಬಂದು ಕೂತಿರುವುದು ಇಲ್ಲಿ. ಬೆಸುಗೆಯ ಕಾಲ ನಿರ್ಧರಿಸಲು ನನಗೆ ಸಿಕ್ಕ ಅತ್ಯಂತ ಗಟ್ಟಿ ಆಧಾರ ಇದೇ. (ವಾದ್ಯಗಳ ಪಟ್ಟಿ ನೋಡಿ ಪ್ರಕಾರ ಗುರುತಿಸುವವರಿಗೆ ಇದು ಕಾಣದು. ಆ ಪದ್ಧತಿಯನ್ನು ಗಾಯಕರ ಅಧ್ಯಯನಕ್ಕೆ ಹೇರುವುದನ್ನು ಇನ್ನಾದರೂ ನಿಲ್ಲಿಸಬೇಕು.)

1973ರಲ್ಲಿ ಅವರು ಕಟ್ಟಿದ ಕ್ಯಾಲಿಡೋನಿಯಾ ಸೋಲ್ ಆರ್ಕೆಸ್ಟ್ರಾ ಇದೇ ಹಾಡನ್ನು ವೇದಿಕೆಗೆ ತಂದಿತು. 1974ರ 'ಇಟ್ಸ್ ಟೂ ಲೇಟ್ ಟು ಸ್ಟಾಪ್ ನೌ' ಆಲ್ಬಮ್ಮಿನಲ್ಲಿ ಅದು ರೇ ಚಾರ್ಲ್ಸ್, ಸ್ಯಾಮ್ ಕುಕ್, ಬಾಬಿ ಬ್ಲಾಂಡ್ ಹಾಡಿದ ಗೀತೆಗಳ ಜೊತೆಗಿದೆ. ಪಿಟೀಲು ವೃಂದವೂ ಹಿತ್ತಾಳೆ ವಾದ್ಯಗಳೂ ಒಂದೇ ವೇದಿಕೆಯಲ್ಲಿವೆ. ಮಾರಿಸನ್ನರ ಯಾವ ತಂಡವೂ ನನ್ನ ಮಟ್ಟಿಗೆ ಇದಕ್ಕೆ ಸಾಟಿಯಲ್ಲ.

ಹಾಗಾದರೆ ಸೋಲ್ ಅವರಿಗೆ ಅಮೆರಿಕಕ್ಕೆ ಹೋದ ಮೇಲೆ ದಕ್ಕಿತೇ? ಅಲ್ಲ. ಬೆಲ್‌ಫಾಸ್ಟಿನ ಹಡಗುಕಟ್ಟೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ತಂದೆ ಅಮೆರಿಕನ್ ಬ್ಲೂಸ್, ಜಾಝ್ ರೆಕಾರ್ಡುಗಳ ದೊಡ್ಡ ಸಂಗ್ರಹಕಾರ, ತಾಯಿ ಹಾಡುಗಾರ್ತಿ. ಹಿಂಡ್‌ಫರ್ಡ್ ಸ್ಟ್ರೀಟಿನ ಆ ಮನೆಯ ಹುಡುಗನಿಗೆ ಅಮೆರಿಕದ ಬ್ಲೂಸ್ ಗಾಯಕ ಲೆಡ್ ಬೆಲ್ಲಿಯ ದನಿ ಪರದೇಶದ್ದಾಗಿರಲಿಲ್ಲ. ರಕ್ತದಲ್ಲೇ ಕೆಲ್ಟಿಕ್ ಇತ್ತು ಎನ್ನುವವರು ಈ ರೆಕಾರ್ಡುಗಳಿಗೆ ಉತ್ತರ ಹೇಳುವುದಿಲ್ಲ.

1988ರ ಆಲ್ಬಮ್ಮನ್ನು ಈಗ ಮತ್ತೆ ಕೇಳಬೇಕು. ಅದರಲ್ಲಿರುವ, ಐರಿಷ್ ಕವಿ ಪ್ಯಾಟ್ರಿಕ್ ಕ್ಯಾವನಾ ಅವರ ಕವಿತೆಯಾದ 'ರ‍್ಯಾಗ್ಲನ್ ರೋಡ್' ಅದನ್ನು ಮೊದಲೇ ಹಾಡಿದ್ದ ಐರಿಷ್ ಜನಪದ ಗಾಯಕ ಲ್ಯೂಕ್ ಕೆಲ್ಲಿಯ ಕಂಠದಲ್ಲಿ ಸಾಲು ಸಾಲಾಗಿ, ನೆಟ್ಟಗೆ ನಡೆಯುತ್ತದೆ. ಮಾರಿಸನ್ ಅದೇ ಸಾಲುಗಳನ್ನು ತಡೆದು, ಎಳೆದು, ಪದದ ಮೇಲೆ ಭಾರ ಹಾಕಿ ಹಾಡುತ್ತಾರೆ. ಚೀಫ್ಟನ್ಸ್ ತಂಡ ಮಾರಿಸನ್ನರಿಗೆ ಐರಿಷ್ ಗಾಯನ ಕಲಿಸಲಿಲ್ಲ. 1972ರಲ್ಲೇ ಪಳಗಿದ್ದ ತಮ್ಮ ಸೋಲ್ ಗಾಯನವನ್ನು ಅವರೇ ಆ ಹಾಡುಗಳ ಮೇಲೆ ಪ್ರಯೋಗಿಸಿದರು.