ಶಾಪ ಒಬ್ಬರಿಗೆ, ಕಾಯುವ ಪಾಡು ಇನ್ನೊಬ್ಬರಿಗೆ: ಬಾಣನ 'ಕಾದಂಬರಿ'ಯ ಜನ್ಮಾಂತರಗಳು

ಕನ್ನಡದಲ್ಲಿ, ಮರಾಠಿಯಲ್ಲಿ ಕೂಡ, ಒಂದು ಸಾಹಿತ್ಯಪ್ರಕಾರಕ್ಕೇ ತನ್ನ ಹೆಸರು ಕೊಟ್ಟ ಗಂಧರ್ವಕನ್ಯೆ ಕಾದಂಬರಿ. ಆ ಹೆಸರಿಗೆ ಮದ್ಯವೆಂಬ ಅರ್ಥವೂ ಇದೆ. ಅವಳ ತಾಯಿಯ ಹೆಸರು ಮದಿರೆ. ಹರ್ಷವರ್ಧನನ (606–647) ಆಸ್ಥಾನದಲ್ಲಿದ್ದ ಬಾಣಭಟ್ಟ ಈ ಗದ್ಯಕಾವ್ಯವನ್ನು ಮುಗಿಸಲಿಲ್ಲ. ಕಾದಂಬರಿಯ ವಿರಹದ ಮಾತುಗಳನ್ನು ಅವಳ ನಲ್ಲ ಚಂದ್ರಾಪೀಡನಿಗೆ ಅವನ ಸೇವೆಯಲ್ಲಿದ್ದ ಪತ್ರಲೇಖೆ ಒಪ್ಪಿಸುತ್ತಿರುವಲ್ಲೇ ಅವನ ಬರಹ ನಿಂತಿದೆ. ಅಲ್ಲಿಂದಾಚೆಯದು ಮಗ ಭೂಷಣಭಟ್ಟನ ಉತ್ತರಭಾಗ. ಶಾಪದ ಗಂಟು ಬಿಚ್ಚುವುದು, ಯಾರು ಯಾರ ಮರುಹುಟ್ಟು ಎಂಬುದು ಬಯಲಾಗುವುದು ಬಹುಮಟ್ಟಿಗೆ ಈ ಎರಡನೆಯ ಕೈಯಲ್ಲಿ.

ಹಾಗೆಂದು ಜನ್ಮಾಂತರವನ್ನು ಮಗನೇ ತಂದು ಜೋಡಿಸಿದನೆನ್ನಲಾಗದು. ವಿದಿಶೆಯ ಅರಸ ಶೂದ್ರಕನ ಸಭೆಗೆ ಚಂಡಾಲಕನ್ಯೆ ತರುವ ಗಿಳಿಗೆ ಮೊದಲಿಗೇ ವೈಶಂಪಾಯನನೆಂಬ ಹೆಸರಿದೆ. ಮರಿಗಿಳಿಯನ್ನು ಕಂಡೊಡನೆ ಜಾಬಾಲಿ ಮುನಿ, ಇದು ತನ್ನ ಅವಿನಯದ ಫಲವನ್ನೇ ಉಣ್ಣುತ್ತಿದೆ ಎನ್ನುತ್ತಾನೆ. ಮುಂದೆ ಅದೇ ಹೆಸರಿನ ಮಂತ್ರಿಪುತ್ರ ಕಥೆಯೊಳಗೆ ಬಂದಾಗ ಎಚ್ಚರದ ಓದುಗನಿಗೆ ಅನುಮಾನ ಹುಟ್ಟಲೇಬೇಕು. ಬೀಜ ಬಿತ್ತಿದವನು ತಂದೆಯೇ.

ಶಾಪ ನಡೆಯುವ ಬಗೆ ಕುತೂಹಲದ್ದು. ಕಾದಂಬರಿಯ ಗೆಳತಿ ಮಹಾಶ್ವೇತೆಗಾಗಿ ಬೇಯುತ್ತಿದ್ದ ಮುನಿಕುಮಾರ ಪುಂಡರೀಕ, ಸಾಯುವ ಹೊತ್ತಿಗೆ, ಬೆಳುದಿಂಗಳಿಂದ ತನ್ನನ್ನು ಸುಟ್ಟ ಚಂದ್ರನನ್ನೇ ಶಪಿಸುತ್ತಾನೆ: ಭಾರತವರ್ಷದಲ್ಲಿ ಜನ್ಮಜನ್ಮದಲ್ಲೂ ನೀನೂ ಹೀಗೆ ಒಲಿದು, ಕೂಡಲಾರದೆ ಪ್ರಾಣ ಬಿಡು. ತಪ್ಪಿಲ್ಲದೆ ಶಾಪ ತಿಂದ ಚಂದ್ರ, ನನ್ನ ಸುಖದುಃಖದಲ್ಲಿ ನಿನಗೂ ಸಮಪಾಲಿರಲಿ ಎಂದು ತಿರುಗಿ ಶಪಿಸುತ್ತಾನೆ. ಕೋಪ ಇಳಿದ ಮೇಲೆ ಅವನಿಗೆ ನಂಟು ನೆನಪಾಗುತ್ತದೆ: ಮಹಾಶ್ವೇತೆಯ ತಾಯಿ ಗೌರಿ ಚಂದ್ರಕಿರಣದಿಂದ ಹುಟ್ಟಿದ ಅಪ್ಸರೆಯರ ಕುಲದವಳು. ಆಡಿದ ಮಾತನ್ನು ಹಿಂದಕ್ಕೆ ಪಡೆಯುವಂತಿಲ್ಲ. ಆದರೆ 'ಜನ್ಮ' ಎಂಬುದು ಎರಡು ಸಲ ಉಚ್ಚಾರವಾಗಿದೆ. ಹಾಗಾಗಿ ಎರಡು ಸಲವಾದರೂ ಹುಟ್ಟಲೇಬೇಕು. ವ್ಯಾಕರಣದ ದ್ವಿರುಕ್ತಿಯೇ ಇಲ್ಲಿ ಕಥೆಯ ಅಳತೆಗೋಲು. ಚಂದ್ರ ಚಂದ್ರಾಪೀಡನಾಗಿ, ಆಮೇಲೆ ಶೂದ್ರಕನಾಗಿ ಹುಟ್ಟುತ್ತಾನೆ. ಪುಂಡರೀಕ ವೈಶಂಪಾಯನನಾಗಿ, ಆಮೇಲೆ ಗಿಳಿಯಾಗಿ. ಲೆಕ್ಕಕ್ಕೆ ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

ಈ ಲೆಕ್ಕದಲ್ಲಿ ಹೆಣ್ಣುಗಳಿಲ್ಲ ಎಂಬುದನ್ನು ವಿಮರ್ಶೆ ಇನ್ನಷ್ಟು ಗಟ್ಟಿಯಾಗಿ ಹೇಳಬೇಕಿತ್ತು. ಕಾದಂಬರಿಯಾಗಲಿ ಮಹಾಶ್ವೇತೆಯಾಗಲಿ ಒಮ್ಮೆಯೂ ಸತ್ತು ಹುಟ್ಟುವುದಿಲ್ಲ. ನಲ್ಲರು ಮರೆತು ಮತ್ತೆ ಹುಟ್ಟುತ್ತಾರೆ. ಇವರು ಒಂದೇ ಜನ್ಮದಲ್ಲಿ, ಎಲ್ಲ ನೆನಪಿನೊಂದಿಗೆ, ಕಾಯುತ್ತಾರೆ. ಪುಂಡರೀಕನ ದೇಹವನ್ನು ಚಂದ್ರಲೋಕದ ಪುರುಷ ಎತ್ತಿಕೊಂಡು ಹೋದ ಮೇಲೆ ಮಹಾಶ್ವೇತೆಗೆ ಉಳಿದದ್ದು ಮತ್ತೆ ಕೂಡುವೆಯೆಂಬ ಭರವಸೆ, ಅಚ್ಛೋದ ಸರೋವರದ ದಡದ ಶಿವಾಲಯ, ಒಂದು ವೀಣೆ. ಕಾದಂಬರಿಯ ಪಾಲಿಗೆ ಬಂದದ್ದು ಚಂದ್ರಾಪೀಡನ ಕೆಡದ ಕಳೇಬರ. ಅವಳು ದಿನವೂ ಅದರ ಉಪಚಾರ ಮಾಡುತ್ತಾಳೆ. ಶಾಪ ತಟ್ಟಿದ್ದು ಗಂಡಸರಿಗೆ. ಅದರ ಕಾಲವನ್ನು ದಿನ ದಿನ ಸವೆಸಿದವರು ಹೆಂಗಸರು.

ಮಹಾಶ್ವೇತೆಯ ಸಂಕಟ ಇನ್ನೂ ಕಠೋರ. ಯಾವುದೋ ಸೆಳೆತಕ್ಕೆ ಸಿಕ್ಕಿ ಬಳಿಗೆ ಬಂದು ಪ್ರೇಮ ಬೇಡಿದ ವೈಶಂಪಾಯನನೇ ತನ್ನ ಪುಂಡರೀಕ ಎಂದು ಅವಳಿಗೆ ಗೊತ್ತಿಲ್ಲ. ಗಿಳಿಯ ಹಾಗೆ ಬಡಬಡಿಸಿದ್ದಕ್ಕೆ ಗಿಳಿಯಾಗೆಂದು ಶಪಿಸುತ್ತಾಳೆ. ಲೆಕ್ಕದ ಎರಡನೆಯ ಜನ್ಮ ದೊರೆತದ್ದು ಅವಳ ಬಾಯಿಂದ, ಅದೂ ಅವನಿಗಾಗಿಯೇ ಹಿಡಿದ ನಿಷ್ಠೆಯಿಂದ.

ಇದೇ ಕಥೆಯ ಇನ್ನೊಂದು ರೂಪ ಸೋಮದೇವನ 'ಕಥಾಸರಿತ್ಸಾಗರ'ದಲ್ಲಿದೆ. ಅಲ್ಲಿ ರಾಜ ಸುಮನಸ. ಗಿಳಿ ತರುವವಳು ಮುಕ್ತಾಲತೆಯೆಂಬ ನಿಷಾದಕನ್ಯೆ. ಅವಳು ಬೇರೆ ಯಾರೂ ಅಲ್ಲ, ಹೆತ್ತವರ ಶಾಪದಿಂದ ನಿಷಾದರ ನಡುವೆ ಬಿದ್ದ ಮಕರಂದಿಕೆ. ಎಂದರೆ ನಮ್ಮ ಕಾದಂಬರಿಯ ಸ್ಥಾನದಲ್ಲಿರುವ ನಾಯಿಕೆಯೇ. 'ಕಾದಂಬರಿ'ಯಲ್ಲಾದರೋ ಗಿಳಿ ತಂದವಳು ಪುಂಡರೀಕನ ತಾಯಿ ಲಕ್ಷ್ಮಿ. ಸೋಮದೇವ 11ನೆಯ ಶತಮಾನದವನು, ಬಾಣನಿಗೆ ಆಕರ ಆಗಲಾರ. ಆದರೆ ಇಬ್ಬರ ಬೆನ್ನಿಗೂ ಗುಣಾಢ್ಯನ ಬೃಹತ್ಕಥೆಯ ಪರಂಪರೆ ಇದೆ. ನಾಯಿಕೆಯನ್ನು ಶಾಪದಿಂದ ಹೊರಗಿಟ್ಟು ಆ ಜಾಗದಲ್ಲಿ ತಾಯಿಯನ್ನು ತಂದದ್ದು ಬಾಣನ ಯೋಜನೆಯೋ ಮಗನ ತೀರ್ಮಾನವೋ, ಆ ಗುಟ್ಟು ಒಡೆಯುವುದು ಉತ್ತರಭಾಗದಲ್ಲೇ ಆದ್ದರಿಂದ ಖಚಿತವಾಗಿ ಹೇಳಲಾಗದು. ನನ್ನ ಒಲವು ತಂದೆಯ ಕಡೆಗೆ. ಪೂರ್ವಭಾಗದಲ್ಲಿ ಮಹಾಶ್ವೇತೆಯ ತಪಸ್ಸಿಗೆ, ಅವಳ ಅಚ್ಚ ಬಿಳುಪಿಗೆ ಬಾಣ ಸುರಿದಿರುವ ಮಾತಿನ ರಾಶಿ ನೋಡಿದರೆ, ಬದಲಾಗದೆ ನಿಲ್ಲುವ ಹೆಣ್ಣು ಅವನಿಗೆ ಮೊದಲಿನಿಂದಲೂ ಬೇಕಾಗಿತ್ತು ಎನಿಸುತ್ತದೆ.

10ನೆಯ ಶತಮಾನದ ಕೊನೆಯ ಸುಮಾರಿಗೆ 'ಕರ್ನಾಟಕ ಕಾದಂಬರಿ'ಯನ್ನು ಬರೆದ ನಾಗವರ್ಮ ಪುಟಗಟ್ಟಲೆ ಹಬ್ಬುವ ಬಾಣನ ವಾಕ್ಯಗಳನ್ನು ಚಂಪುವಿನ ವೃತ್ತ, ಕಂದಗಳಿಗೆ ಇಳಿಸಿದ. ಕಥೆಯ ಕಟ್ಟನ್ನು ಕದಲಿಸಲಿಲ್ಲ. ತಂದೆ–ಮಗ ಇಬ್ಬರ ಕೃತಿಯೂ ಒಬ್ಬನ ಕೈಯಲ್ಲಿ ಕನ್ನಡವಾದ್ದರಿಂದ ಸಂಸ್ಕೃತದಲ್ಲಿ ಎದ್ದು ಕಾಣುವ ಬೆಸುಗೆ ನಮ್ಮಲ್ಲಿ ಅಷ್ಟಾಗಿ ಕಣ್ಣಿಗೆ ಬೀಳದು. ಕನ್ನಡದ ಓದುಗ ಇದನ್ನು ಇಡಿಯಾದ ಕಥೆಯೆಂದೇ ಸವಿದ.

ನನ್ನ ವಾದಕ್ಕೆ ಎದುರಾಗಿ ನಿಲ್ಲುವವಳು ಪತ್ರಲೇಖೆ. ಅವಳು ಚಂದ್ರನ ಮಡದಿ ರೋಹಿಣಿ, ಭೂಮಿಯಲ್ಲಿ ಹುಟ್ಟಿದವಳೇ. ಆದರೆ ಅವಳಿಗೆ ಯಾರ ಶಾಪವೂ ಇರಲಿಲ್ಲ. ಗಂಡನಿಗೆ ಶಾಪ ತಟ್ಟಿತೆಂದು ಕೇಳಿ ಸೇವೆಗೆಂದು ತಾನೇ ಇಳಿದು ಬಂದಳು. ಇಂದ್ರಾಯುಧವೆಂಬ ಕುದುರೆಯೊಡನೆ ಅಚ್ಛೋದಕ್ಕೆ ಹಾರಿದವಳನ್ನು ಕಥೆ ಆಮೇಲೆ ಮರೆತಂತೆ ತೋರುತ್ತದೆ. ವಸಂತೋತ್ಸವದ ದಿನ ಕಾದಂಬರಿಯ ಅಪ್ಪುಗೆಗೆ ಚಂದ್ರಾಪೀಡ ಕಣ್ಣು ತೆರೆದು, ಪುಂಡರೀಕ ಮುಗಿಲಿನಿಂದ ಇಳಿದು, ಮದುವೆಗಳೂ ಮುಗಿದ ಮೇಲೆ ಅವಳನ್ನು ನೆನೆಯುವುದು ಕಾದಂಬರಿಯೊಬ್ಬಳೇ: ನಾವೆಲ್ಲ ಮತ್ತೆ ಕೂಡಿದೆವು, ಪಾಪ, ಪತ್ರಲೇಖೆ ಎಲ್ಲಿ ಎಂದು ಗಂಡನನ್ನು ಕೇಳುತ್ತಾಳೆ.