ಹಾಲಿನ ಆಯ್ಕೆ: 1893ರ ಎರಡು ದಾರಿಗಳು

ಅಮೆರಿಕದ ಅಂಗಡಿಯಲ್ಲಿ ಹಾಲಿನ ಕಪಾಟಿನೆದುರು ನಿಂತ ನಮಗೆ ಎದುರಾಗುವ ಪ್ರಶ್ನೆ ಬಹುಮಟ್ಟಿಗೆ ಕೊಬ್ಬಿನದು. ಶೇಕಡಾ 3.25 ಕೊಬ್ಬಿರುವ ಹೋಲ್ ಮಿಲ್ಕೋ, ಶೇಕಡಾ 2ರದೋ, 1ರದೋ, ಕೆನೆ ತೆಗೆದುದೋ? ಶತಮಾನದ ಹಿಂದೆ ಇದೇ ನೆಲದ ತಾಯಂದಿರು ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ ಇದಕ್ಕಿಂತ ಕ್ರೂರವಾಗಿತ್ತು: ಈ ಹಾಲು ಕುಡಿದ ಕೂಸು ಬದುಕೀತೆ? ಇಂದಿನ ನಮ್ಮ ನಿಶ್ಚಿಂತೆಯ ಹಿಂದಿರುವ ಆ ಇತಿಹಾಸವನ್ನು ಸಮ್ಮೇಳನದ ಬಂಧುಗಳೊಡನೆ ಹಂಚಿಕೊಳ್ಳುವುದು ನನ್ನ ಉದ್ದೇಶ.

ಹತ್ತೊಂಬತ್ತನೆಯ ಶತಮಾನದ ನ್ಯೂಯಾರ್ಕಿನಲ್ಲಿ ಮದ್ಯದ ಭಟ್ಟಿಗಳಿಗೆ ಅಂಟಿಕೊಂಡಂತೆಯೇ ದನದ ಕೊಟ್ಟಿಗೆಗಳಿದ್ದವು. ಭಟ್ಟಿ ಇಳಿಸಿದ ಮೇಲೆ ಉಳಿದ ಧಾನ್ಯದ ಗಸಿಯೇ ಹಸುಗಳ ಆಹಾರ. ಅವು ಕೊಡುತ್ತಿದ್ದ ನೀಲಿಗಟ್ಟಿದ ತೆಳುಹಾಲಿಗೆ ಹಿಟ್ಟು, ಸೀಮೆಸುಣ್ಣ ಬೆರೆಸಿ ಮಾರುತ್ತಿದ್ದರು. 1858ರಲ್ಲಿ ಫ್ರಾಂಕ್ ಲೆಸ್ಲಿಯ ಸಚಿತ್ರ ಪತ್ರಿಕೆ ಈ ಅನಾಚಾರವನ್ನು ಬಯಲಿಗೆಳೆಯಿತು. 1862ರಲ್ಲಿ ರಾಜ್ಯವು ಶಾಸನ ಮಾಡಿತು. ಆದರೂ ಕ್ಷಯ, ವಿಷಮಶೀತಜ್ವರಗಳು ಹಾಲಿನ ಮೂಲಕ ಹರಡುವುದು ನಿಲ್ಲಲಿಲ್ಲ.

1893ರಲ್ಲಿ ಈ ಸಮಸ್ಯೆಗೆ ಎರಡು ಉತ್ತರಗಳು ಒಟ್ಟೊಟ್ಟಿಗೆ ಮೂಡಿದವು. ನ್ಯೂಜೆರ್ಸಿಯ ನೆವಾರ್ಕಿನ ವೈದ್ಯ ಹೆನ್ರಿ ಕಾಯ್ಟ್, ವೈದ್ಯರ ಮಂಡಳಿಯೊಂದನ್ನು ಕಟ್ಟಿ, ಹಸು, ಕೊಟ್ಟಿಗೆ, ಕರೆಯುವ ಕೈ ಎಲ್ಲವನ್ನೂ ಪರೀಕ್ಷಿಸಿ, ಶುದ್ಧವೆಂದು ಪ್ರಮಾಣೀಕರಿಸಿದ ಹಸಿ ಹಾಲಿನ ಪದ್ಧತಿಗೆ ತಳಹದಿ ಹಾಕಿದರು. ಅದು ಉತ್ತಮ ಹಾಲು, ಆದರೆ ದುಬಾರಿ. ಅದೇ ವರ್ಷ ಮೇಸಿಸ್ ಮಳಿಗೆಯ ಪಾಲುದಾರ ನೇಥನ್ ಸ್ಟ್ರಾಸ್, ನ್ಯೂಯಾರ್ಕಿನ ಬಡವರ ಬೀದಿಗಳಿಗೆ ಹತ್ತಿರದಲ್ಲಿ, ಕಾಯಿಸಿ ರೋಗಾಣು ನೀಗಿಸಿದ ಹಾಲಿನ ಕೇಂದ್ರವನ್ನು ತೆರೆದರು. ಅಲ್ಲಿ ದರ ಅಗ್ಗ, ಕೊಡಲಾರದವರಿಗೆ ಉಚಿತ.

ಹಾಲು ಕಾಯಿಸಿದರೆ ಅದರ ಸತ್ವ ನಾಶವಾಗುತ್ತದೆ, ಕೊಳಕು ಕೊಟ್ಟಿಗೆಯವರಿಗೆ ಮರೆ ಸಿಗುತ್ತದೆ ಎಂದು ಅನೇಕ ವೈದ್ಯರೇ ವಿರೋಧಿಸಿದರು. ಎರಡನೆಯ ಆಕ್ಷೇಪದಲ್ಲಿ ಸತ್ಯಾಂಶವಿತ್ತು. ಆದರೆ ರ‍್ಯಾಂಡಲ್ಸ್ ದ್ವೀಪದ ಶಿಶುಪಾಲನಾ ಸಂಸ್ಥೆಗೆ ಸ್ಟ್ರಾಸ್ ತಮ್ಮ ಯಂತ್ರವನ್ನು ಒದಗಿಸಿದ ಮೇಲೆ ಮಕ್ಕಳ ಮರಣ ಗಣನೀಯವಾಗಿ ಇಳಿಯಿತು. 1908ರಲ್ಲಿ ಷಿಕಾಗೋ ನಗರವು ಪಾಶ್ಚರೀಕರಣವನ್ನು ಕಾನೂನಾಗಿಸಿತು. 1924ರಲ್ಲಿ ಸಾರ್ವಜನಿಕ ಆರೋಗ್ಯ ಸೇವೆಯು ಮಾದರಿ ನಿಯಮಾವಳಿಯನ್ನು ಪ್ರಕಟಿಸಿತು. ಕಾಯ್ಟ್ ಬಯಸಿದ ಶುಚಿತ್ವ, ಸ್ಟ್ರಾಸ್ ಬಯಸಿದ ಶಾಖ, ಇವೆರಡೂ ಕೂಡಿ ಇಂದಿನ ಹಾಲಾಗಿದೆ.

ಈ ವಾದ ನಮಗೆ ಪರಕೀಯವಲ್ಲ. ಸೂಕ್ಷ್ಮಜೀವಿಗಳ ಹೆಸರು ಕೇಳದ ನಮ್ಮ ಅಜ್ಜಿಯರು ಹಾಲನ್ನು ಕಾಯಿಸದೆ ಮಕ್ಕಳಿಗೆ ಕೊಡುತ್ತಿರಲಿಲ್ಲ. ಬಡವರಿಗೆ ನಿಲುಕುವ ಬೆಲೆಯ ಪ್ರಶ್ನೆಯೂ ತಾಯ್ನಾಡಿನಲ್ಲಿತ್ತು. ಮುಂಬಯಿಯಲ್ಲಿ ದಾರಾ ಖುರೋಡಿಯವರು, ಗಟ್ಟಿಯಾದ ಎಮ್ಮೆಹಾಲಿಗೆ ಕೆನೆರಹಿತ ಹಾಲಿನ ಪುಡಿ ಮತ್ತು ನೀರನ್ನು ಬೆರೆಸಿ, ಅಗ್ಗದ ಟೋನ್ಡ್ ಹಾಲನ್ನು ರೂಪಿಸಿದರು. ಊರಿಗೆ ಹೋದಾಗ ನಾವು ಕೊಳ್ಳುವ ನಂದಿನಿಯ ನೀಲಿ ಪ್ಯಾಕೆಟ್ಟಿನಲ್ಲಿರುವುದೂ ಟೋನ್ಡ್ ಹಾಲೇ.

ಈಗ ಹಸಿ ಹಾಲಿನ ಮೋಹ ಈ ದೇಶದಲ್ಲಿ ಮರಳಿದೆ. 1987ರಿಂದ ರಾಜ್ಯದಿಂದ ರಾಜ್ಯಕ್ಕೆ ಅದರ ಮಾರಾಟ ನಿಷಿದ್ಧವಾದರೂ, ಹಲವು ರಾಜ್ಯಗಳು ತಮ್ಮೊಳಗೆ ಅದಕ್ಕೆ ಅವಕಾಶ ಕೊಟ್ಟಿವೆ. 2024ರಲ್ಲಿ ಹಕ್ಕಿಜ್ವರದ ವೈರಾಣು ಇಲ್ಲಿನ ಹಸುಗಳಿಗೆ ತಗುಲಿ, ಹಸಿ ಹಾಲಿನಲ್ಲಿ ಜೀವಂತವಾಗಿ ಕಂಡುಬಂದಿತು. ಪಾಶ್ಚರೀಕರಣ ಅದನ್ನು ನಿಷ್ಕ್ರಿಯಗೊಳಿಸುತ್ತದೆ.

ಕೊಬ್ಬು ಎಷ್ಟಿರಬೇಕೆಂಬುದು ಅವರವರ ಆರೋಗ್ಯಕ್ಕೂ ನಾಲಿಗೆಗೂ ಬಿಟ್ಟ ವಿಚಾರ. ಕಾಫಿಗೆ ಗಟ್ಟಿ ಹಾಲೇ ಬೇಕೆನ್ನುವವರ ಪಂಗಡಕ್ಕೆ ನಾನೂ ಸೇರಿದವನು. ಆದರೆ ಹಾಲಿನ ಸುರಕ್ಷತೆಯು ಹಣವುಳ್ಳವರ ಆಯ್ಕೆಯಾಗದೆ ಎಲ್ಲ ಮಕ್ಕಳ ಹಕ್ಕಾಗಬೇಕೆಂದು ಹೋರಾಡಿದವರ ಋಣ ನಮ್ಮ ಮೇಲಿದೆ. ಈ ನೆಲದಲ್ಲಿ ನಮ್ಮ ಮಕ್ಕಳನ್ನು ಬೆಳೆಸುತ್ತಿರುವ ನಾವು ಅದನ್ನು ಮರೆಯದಿರೋಣ.